ಹೊಳೆಯುವ ಕಲ್ಲಿನ ಜಾತಕ

ನಮ್ಮ ಮನೆಯಲ್ಲಿ ಬಟ್ಟೆಗಳಿಗೂ ನಾಲ್ಕು ಆಶ್ರಮಗಳಿವೆ. ಮೊದಲು ಹಬ್ಬಕ್ಕೆ, ಆಮೇಲೆ ಕೆಲಸಕ್ಕೆ, ಆಮೇಲೆ ಮನೆಯೊಳಗೆ, ಕೊನೆಗೆ ನೆಲ ಒರೆಸುವುದಕ್ಕೆ. ಯಾವ ಬಟ್ಟೆಗೆ ಯಾವಾಗ ಸಂನ್ಯಾಸ ಎಂದು ತೀರ್ಮಾನಿಸುವವಳು ಅಮ್ಮ. ಆ ತೀರ್ಪಿಗೆ ಮೇಲ್ಮನವಿ ಇಲ್ಲ. ಕಳೆದ ವಾರ ನನ್ನ ಬಿಳಿ ಕುರ್ತಾವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದುಕೊಂಡು ಬಂದಳು.

"ಇದನ್ನ ಒರೆಸೋ ಬಟ್ಟೆ ಮಾಡ್ಲಾ?"

"ಬೇಡ."

"ಎದೆ ಮೇಲೆ ಇಷ್ಟು ದೊಡ್ಡ ಕಲೆ ಇದೆ ಕಣೇ. ಹಾಕ್ಕೊಂಡು ಎಲ್ಲಿಗೆ ಹೋಗ್ತೀಯ?"

"ಎಲ್ಲಿಗೂ ಹೋಗಲ್ಲ. ಆದ್ರೂ ಬೇಡ."

"ಕಾರಣ ಹೇಳು. ಊರವರನ್ನೆಲ್ಲ ಕೇಳ್ತೀಯಲ್ಲ, ಕಾರಣ ಎಲ್ಲಿ, ಪುರಾವೆ ಎಲ್ಲಿ ಅಂತ. ಈಗ ನೀನು ಹೇಳು."

ನನಗೆ ಮಾತು ಹೊರಡಲಿಲ್ಲ. ಅಮ್ಮ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ ಕುರ್ತಾವನ್ನು ಕುರ್ಚಿಯ ಮೇಲೆ ಎಸೆದು ಹೋದಳು. ಅವಳಿಗೆ ಹೇಳಲಾಗದ ಕಾರಣವನ್ನು ನಿಮಗೆ ಹೇಳುತ್ತೇನೆ. ನೀವು ನಮ್ಮ ಬೀದಿಯವರಲ್ಲ, ಅದೇ ಧೈರ್ಯ.

ಮೊದಲು ಈ ಕುರ್ತಾದ ಪೂರ್ವಾಶ್ರಮ. ಕಾಲೇಜಿನಲ್ಲಿ ನಾನು ಗೆದ್ದ ಚರ್ಚಾಸ್ಪರ್ಧೆಗಳಲ್ಲಿ ಮುಕ್ಕಾಲು ಪಾಲನ್ನು ಇದನ್ನು ತೊಟ್ಟೇ ಗೆದ್ದದ್ದು. ಹಾಗೆಂದು ಇದು ಅದೃಷ್ಟದ ಬಟ್ಟೆ ಎಂದು ನಾನು ನಂಬಿದ್ದೆ ಅಂದುಕೊಳ್ಳಬೇಡಿ. ನಾನು ಅದೃಷ್ಟವನ್ನು ನಂಬುವವಳಲ್ಲ. ಮುಖ್ಯವಾದ ಸ್ಪರ್ಧೆಯ ದಿನ ಇದು ಒಗೆಯಲು ಹೋಗಿದ್ದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು, ಅಷ್ಟೆ. ಸಂಕಟಕ್ಕೆ ಬೇರೆ ಕಾರಣಗಳೂ ಇರಬಹುದು.

ಚರ್ಚಾಸ್ಪರ್ಧೆ ಎಂದರೇನೆಂದು ನಿಮಗೆ ಗೊತ್ತು. ವಿಜ್ಞಾನ ವರವೋ ಶಾಪವೋ ಎಂದು ಚೀಟಿ ಎತ್ತಿಸುತ್ತಾರೆ. ವರ ಬಂದರೆ ವರ, ಶಾಪ ಬಂದರೆ ಶಾಪ. ನಾನು ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಅದು ವರವೆಂದು ಸಾಧಿಸಿ, ಮಧ್ಯಾಹ್ನ ಇನ್ನೊಂದರಲ್ಲಿ ಶಾಪವೆಂದು ಸಾಧಿಸಿ, ಸಂಜೆ ಎರಡು ಸ್ಟೀಲ್ ಲೋಟಗಳೊಂದಿಗೆ ಮನೆಗೆ ಬಂದವಳು. ಆ ಲೋಟಗಳಲ್ಲಿ ನಾವು ಈಗಲೂ ಮಜ್ಜಿಗೆ ಕುಡಿಯುತ್ತೇವೆ. ಇಂಥವಳಿಗೆ ಹೊಟ್ಟೆಪಾಡಿಗೆ ಏನು ಕೆಲಸ ಸಿಗಬೇಕೋ ಅದೇ ಸಿಕ್ಕಿದೆ. ವಿಜಯನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ, ಅಧಿಕಾರಿಗಳಾಗಬೇಕೆಂದು ಬಂದವರಿಗೆ ತಾರ್ಕಿಕ ಸಾಮರ್ಥ್ಯ ಕಲಿಸುತ್ತೇನೆ.

ನನ್ನ ವಿಚಾರವಾದ ಇನ್ನೂ ಹಳೆಯದು. ಎಂಟನೇ ತರಗತಿಯಲ್ಲಿ, ರಾಜಾಜಿನಗರದ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಪವಾಡ ಬಯಲು ಮಾಡಿದ್ದೆ. ಹಳದಿ ಕರವಸ್ತ್ರವನ್ನು ಎತ್ತಿ ತೋರಿಸಿ, ಚೊಂಬಿನಿಂದ 'ಮಂತ್ರಜಲ' ಚಿಮುಕಿಸಿದೆ. ಕರವಸ್ತ್ರದ ತುಂಬ ರಕ್ತ! ಮಕ್ಕಳು ಹೋ ಎಂದರು. ನಾನು ಮೈಕಿನ ಮುಂದೆ ಬಂದು, "ಇದು ರಕ್ತವಲ್ಲ ಬಂಧುಗಳೇ! ಬಟ್ಟೆಯಲ್ಲಿರುವುದು ಅರಿಶಿನ, ಚೊಂಬಿನಲ್ಲಿರುವುದು ಸುಣ್ಣದ ತಿಳಿ! ಎಷ್ಟು ಕಾಲ ಮೋಸಹೋಗುತ್ತೀರಿ?" ಎಂದು ಗುಡುಗಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಯಾರದೋ ಅಜ್ಜಿ ಪಕ್ಕದವರಿಗೆ ಹೇಳಿದ್ದು ಮೈಕಿಗೂ ಕೇಳಿಸಿತು: "ಆರತಿ ನೀರಲ್ವೇನೇ ಇದು? ದಿನಾ ಮಾಡ್ತೀವಿ. ಇದಕ್ಯಾಕೆ ಇಷ್ಟು ಕಿರುಚಾಟ?"

ಆ ಅಜ್ಜಿಯ ಮಾತನ್ನು ನಾನು ಅಂದೇ ಮನಸ್ಸಿಗೆ ತೆಗೆದುಕೊಂಡಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ.

ಕಲ್ಲುಗಳ ಹುಚ್ಚು ಹತ್ತಿದ್ದೂ ಒಂದು ಪವಾಡದಿಂದಲೇ. ಗೋವಿಂದರಾಜನಗರದಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಯಾರೋ 'ಸ್ವಯಂ ಬೆಳಗುವ ನಾಗಮಣಿ' ಇಟ್ಟುಕೊಂಡು ಜನ ಸೇರಿಸುತ್ತಿದ್ದಾನೆಂಬ ಸುದ್ದಿ ಬಂತು. ಅವನ ಬಣ್ಣ ಬಯಲು ಮಾಡಲೆಂದು ನಾನೊಂದು ನೇರಳಾತೀತ ಟಾರ್ಚು ತರಿಸಿದೆ. ಅಂಗಡಿಯವರು ಕಳ್ಳನೋಟು ನೋಡಲು ಇಟ್ಟುಕೊಳ್ಳುತ್ತಾರಲ್ಲ, ಅದರ ಅಣ್ಣ. ಟಾರ್ಚು ಮನೆಗೆ ಬರುವಷ್ಟರಲ್ಲಿ ನಾಗಮಣಿಯವನು ಜಾಗ ಖಾಲಿ ಮಾಡಿದ್ದ. ಬಯಲು ಮಾಡಲು ಯಾರೂ ಉಳಿಯದೆ ಬೇಸರವಾಗಿ, ನಮ್ಮ ಮನೆಯನ್ನೇ ಬಯಲು ಮಾಡಿದೆ. ಬಚ್ಚಲುಮನೆಯ ಬಾಗಿಲು ಹಾಕಿ, ವೆಂಟಿಲೇಟರಿಗೆ ಪೇಪರು ಅಂಟಿಸಿ, ಸಿಕ್ಕಿದ್ದಕ್ಕೆಲ್ಲ ಆ ಬೆಳಕು ಬಿಟ್ಟೆ. ಅಪ್ಪನ ಬನಿಯನ್ನು ನೀಲಿಯಾಗಿ ಧಗಧಗಿಸಿತು. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಹೆಚ್ಚಿಸುವ ವಸ್ತು ಇರುತ್ತದೆ, ಅದರ ಪ್ರಭಾವ. ಅಮ್ಮನ ಹಲ್ಲು ಹೊಳೆಯಿತು, "ಆಫ್ ಮಾಡೇ ಪಿಶಾಚಿ" ಎಂಬ ಮಾತಿನ ಜೊತೆಗೆ. ಕೊನೆಗೆ ಅಪ್ಪ ಪತ್ರಿಕೆ ಹಾರದಿರಲೆಂದು ಇಡುತ್ತಿದ್ದ ಒಂದು ಮಬ್ಬು ಬಿಳಿ ಕಲ್ಲು. ಅದರ ಮೇಲೆ ಬೆಳಕು ಬಿಟ್ಟದ್ದೇ ತಡ, ಒಳಗೆ ಯಾರೋ ಕೆಂಡ ಊದಿದ ಹಾಗೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಟಾರ್ಚು ಆರಿಸಿದೆ, ಮತ್ತೆ ಮಬ್ಬು ಕಲ್ಲು. ಹಚ್ಚಿದೆ, ಕೆಂಡ.

ಅವತ್ತು ಬಚ್ಚಲಲ್ಲಿ ನಾನು ಒಂದು ಗಂಟೆ ಇದ್ದೆ. ಹೊರಗೆ ಅಪ್ಪ ಬಕೆಟ್ ಹಿಡಿದು ನಿಂತಿದ್ದರು.

ನನಗೆ ಇಷ್ಟವಾದದ್ದು ಇದು: ಆ ಕಲ್ಲು ನಂಬಿಕೆ ಕೇಳುವುದಿಲ್ಲ. ಭಕ್ತಿಯಿಂದ ನೋಡಿದರೂ ಹೊಳೆಯುತ್ತದೆ, ಅನುಮಾನದಿಂದ ನೋಡಿದರೂ ಹೊಳೆಯುತ್ತದೆ. ಬೀದಿಯವರು ಮಾತ್ರ ಇದಕ್ಕೆ 'ರೇಡಿಯಂ ಕಲ್ಲು' ಎಂದು ಹೆಸರಿಟ್ಟರು. ಆಟೋ ಹಿಂದೆ ಅಂಟಿಸುವ ಸ್ಟಿಕರೂ ರೇಡಿಯಂ, ಗಡಿಯಾರದ ಮುಳ್ಳೂ ರೇಡಿಯಂ, ನಾನೂ ರೇಡಿಯಂ. "ರೇಡಿಯಂ ಸಿಂಧು ಬಂದ್ಲು" ಎಂದು ಹಾಲಿನ ಬೂತಿನವನೂ ಹೇಳುತ್ತಿದ್ದ.

ಇಂಥ ಕಲ್ಲುಗಳು ಹೆಚ್ಚಾಗಿ ಸಿಗುವುದು ಮರುಭೂಮಿಯಲ್ಲಿ, ಬೆಟ್ಟಗಾಡಿನಲ್ಲಿ. ನಾನು ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿ ದಾಟಿದರೆ ದೂರ ಪ್ರಯಾಣ ಎಂದುಕೊಳ್ಳುವವಳು. ಆದರೆ ನಮ್ಮ ಕಡೆಯ ಹಿರಿಯರಿಗೆ ಒಂದು ಗುಣವಿದೆ. ನಿವೃತ್ತರಾದ ಮರುದಿನವೇ ಟೂರಿಗೆ ಹೆಸರು ಕೊಡುತ್ತಾರೆ. ರಾಜಸ್ಥಾನ, ಕಚ್ಛ್, ಲಡಾಖ್, ಬದರಿ. ಬಸ್ಸಿನಲ್ಲಿ ಅಡುಗೆಯವರೂ ಇರುತ್ತಾರೆ, ಹಾಗಾಗಿ ಮರುಭೂಮಿಯಲ್ಲೂ ಬಿಸಿಬೇಳೆಬಾತು. ಇವರನ್ನೇ ನಾನು ಏಜೆಂಟರನ್ನಾಗಿ ಮಾಡಿಕೊಂಡೆ. "ಅಂಕಲ್, ಶಾಲು ಗೀಲು ಬೇಡ, ನನಗೊಂದು ಕಲ್ಲು ತನ್ನಿ." ಹೆಚ್ಚಿನವರು ಮರೆಯುತ್ತಿದ್ದರು. ಒಬ್ಬರು ಲಡಾಖಿನದೆಂದು ಕೊಟ್ಟ ಕಲ್ಲಿಗೆ ಡಾಂಬರು ಮೆತ್ತಿಕೊಂಡಿತ್ತು. ಜೋರು ಮಾಡಿ ಕೇಳಿದ್ದಕ್ಕೆ, "ಲಡಾಖಿಂದು ರೈಲಲ್ಲೇ ಬಿಟ್ಬಿಟ್ಟೆ ಕಣಮ್ಮ. ನಿನಗೆ ಬೇಜಾರಾಗಬಾರದು ಅಂತ ಹೇರೋಹಳ್ಳಿ ರೋಡಲ್ಲಿ ಎತ್ಕೊಂಡೆ" ಎಂದರು.

ಹಾಗೆ ಮಾಡದ ಏಜೆಂಟ್ ಒಬ್ಬರೇ: ನಮ್ಮ ಎದುರು ಮನೆಯ ವನಜಾಕ್ಷಿ ಆಂಟಿ. ಜೀವಮಾನವೆಲ್ಲ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಕಾರ್ಬನ್ ಹಾಳೆ ಇಟ್ಟು ಬರೆಯುವ ಪುಸ್ತಕ ಅವರ ಚೀಲದಲ್ಲಿ ಸದಾ ಇರುತ್ತದೆ. ಹಾಲಿನವನಿಗೆ ರಜೆ ಹೇಳಿದರೂ ಮೂಲಪ್ರತಿ ಅವನಿಗೆ, ನಕಲು ಇವರಿಗೆ. ನನಗೆ ತಂದ ಪ್ರತಿ ಕಲ್ಲನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಜೊತೆಗೊಂದು ಚೀಟಿ ಮಡಚಿ ಕೊಡುತ್ತಿದ್ದರು.

"ಚೀಟಿ ಓದ್ಕೋ ಕಣೇ, ಎಲ್ಲಾ ಬರ್ದಿದೀನಿ."

"ಚೀಟಿ ಯಾಕೆ ಆಂಟಿ? ಟಾರ್ಚ್ ಬಿಟ್ರೆ ಕಲ್ಲೇ ಮಾತಾಡುತ್ತೆ."

ಎಂಥ ಮಾತು! ನನಗೇ ಮೆಚ್ಚುಗೆಯಾಗಿ ಮುಂದಿನ ವಾರ ಕ್ಲಾಸಿನಲ್ಲೂ ಹೇಳಿದೆ. ಚೀಟಿಗಳು ಎಲ್ಲಿ ಹೋದವೋ ಗೊತ್ತಿಲ್ಲ.

ಬಸವೇಶ್ವರನಗರದಲ್ಲಿ ಶಿವಲಿಂಗಪ್ಪ ಮೇಷ್ಟ್ರು ಎಂಬವರಿದ್ದಾರೆ. ದಾವಣಗೆರೆ ಕಡೆಯವರು, ಭೂವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಅವರ ಮನೆಯ ಸ್ಟೋರ್ ರೂಮಿನಲ್ಲಿ ಕಲ್ಲಿನ ಹುಚ್ಚಿನವರು ಸೇರುತ್ತೇವೆ. ಕಿಟಕಿಗೆ ಕಪ್ಪು ಚಾರ್ಟ್ ಪೇಪರು. ಬಾಗಿಲ ಮೇಲೆ ಮೇಷ್ಟ್ರ ಕೈಬರಹದ ಫಲಕ: 'ಬಿಳಿ ಬಟ್ಟೆಗೆ ಪ್ರವೇಶವಿಲ್ಲ.' ಬಿಳಿ ಬಟ್ಟೆಯೇ ಹೊಳೆದುಬಿಟ್ಟರೆ ಕಲ್ಲಿನ ಮಂದ ಬಣ್ಣಗಳು ಕಾಣುವುದಿಲ್ಲ. ಒಳಗೆ ಮರದ ಪೆಟ್ಟಿಗೆಯಲ್ಲಿ ಅವರ ದೀಪ, ಅದೂ ನೇರಳಾತೀತವೇ, ಆದರೆ ಬೇರೆ ತರಂಗದ್ದು. ನನ್ನ ಟಾರ್ಚಿಗೆ ಏಳದೆ ಮಲಗಿದ್ದ ಕಲ್ಲುಗಳೆಲ್ಲ ಆ ದೀಪಕ್ಕೆ ಎದ್ದು ಕೂರುತ್ತಿದ್ದವು. ನನ್ನ ಜೈಸಲ್ಮೇರಿನ ಕಲ್ಲೊಂದು ಮೂರು ತಿಂಗಳು ಬಚ್ಚಲಲ್ಲಿ ಮೂಕವಾಗಿ ಕೂತಿದ್ದು, ಅಲ್ಲಿ ಮೊದಲ ಸಲ ಎಳೆಬಾಳೆಯ ಹಸಿರಿಗೆ ಬಂದಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಧೂಳಿನಿಂದ ಎಂದು ಹೇಳಿದೆ.

ಮೇಷ್ಟ್ರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆ ಬೆಳಕಿನ ಸಹವಾಸ ಸಾಕು ಎಂದರಂತೆ ಡಾಕ್ಟರು. ಒಂದು ಭಾನುವಾರ ಮೇಷ್ಟ್ರು ಘೋಷಿಸಿದರು: "ಈ ದೀಪ ನಿಮ್ಮೊಳಗ ಒಬ್ರಿಗೆ ಕೊಡಾಂವ ಅದೀನಿ. ಮುಂದಿನ ತಿಂಗಳು ಹೇಳ್ತೀನಿ ಯಾರಿಗೆ ಅಂತ. ಎಲ್ರೂ ಒಂದೊಂದು ಕಲ್ಲು ತರ್ರಿ. ಆದ್ರ ಒಂದು ಮಾತು. ಕಲ್ಲಿನ ಕೂಡ ಅದರ ಜಾತಕನೂ ಬೇಕು."

ಜಾತಕ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ನಾನು ಉಳಿದದ್ದನ್ನು ಕೇಳಿಸಿಕೊಳ್ಳಲಿಲ್ಲ. ವಯಸ್ಸಾದವರ ತಮಾಷೆ ಎಂದುಕೊಂಡೆ. ಆದರೆ ದೀಪ ಮಾತ್ರ ಬೇಕೇಬೇಕಿತ್ತು. ಜೀವನದಲ್ಲಿ ಸ್ಟೀಲ್ ಲೋಟ ಬಿಟ್ಟು ಬೇರೇನನ್ನೂ ನಾನು ಅಷ್ಟು ಆಸೆಪಟ್ಟಿರಲಿಲ್ಲ.

ಅದೇ ಹೊತ್ತಿಗೆ ವನಜಾಕ್ಷಿ ಆಂಟಿ ಕಾಶಿ, ಬದರಿ ಮುಗಿಸಿ ಬಂದರು. ಕಾಶಿಗೆ ಹೋಗಿ ಬಂದವರು ಗಂಗಾಪೂಜೆ ಮಾಡಿ, ನಾಲ್ಕು ಜನಕ್ಕೆ ಊಟ ಹಾಕಬೇಕಲ್ಲ. ನಮ್ಮನ್ನೂ ಕರೆದರು. ಪೂಜೆ ಹತ್ತು ಗಂಟೆಗೆ, ಊಟ ಒಂದಕ್ಕೆ. ವಿಚಾರವಾದಿಯಾದ ನಾನು ತತ್ವಬದ್ಧವಾಗಿ ಪೂಜೆ ತಪ್ಪಿಸಿ, ಹನ್ನೆರಡೂ ಮುಕ್ಕಾಲಿಗೆ ಎಲೆಯ ಮುಂದೆ ಹಾಜರಾದೆ. ಹೋಳಿಗೆಯ ಬಗ್ಗೆ ನನಗೆ ಸೈದ್ಧಾಂತಿಕ ತಕರಾರಿಲ್ಲ. ಹೊರಡುವಾಗ ಆಂಟಿ ಸೀರೆತುಂಡಿನ ಗಂಟು ಕೈಗಿಟ್ಟರು.

"ಬದರೀದು. ಬಿಸಿನೀರಿನ ಬುಗ್ಗೆ ಇದೆಯಲ್ಲ, ಅದರ ಕೆಳಗಡೆ ಸಿಕ್ತು. ಚೀಟಿ ಒಳಗಿದೆ."

"ಥ್ಯಾಂಕ್ಸ್ ಆಂಟಿ. ಇನ್ನೊಂದು ಹೋಳಿಗೆ ಇದೆಯಾ?"

ಕಲ್ಲು ಕಂದು ಹಳದಿ ಬಣ್ಣದ್ದು. ರಸ್ಕಿನ ಹಾಗೆ ಮೈತುಂಬ ಸಣ್ಣ ತೂತು. ಬಚ್ಚಲಿಗೆ ಹೋಗಿ ಟಾರ್ಚು ಬಿಟ್ಟೆ. ಕಿರುಚಿದೆ. ಹಸಿರು ಹಳದಿ ಬೆಳಕು, ಮಿಣುಕುಹುಳುಗಳ ಜಾತ್ರೆ ಸೇರಿದ ಹಾಗೆ! ಪುಸ್ತಕದಲ್ಲಿ ಹುಡುಕಿದೆ. ಅಂಥ ಬಣ್ಣ ಯುರೇನಿಯಂ ಅಂಶವಿರುವ ಖನಿಜಗಳಿಗೆ ಬರುತ್ತದೆ ಎಂದಿತ್ತು. ಬೇರೆ ಯಾವ ಯಾವುದಕ್ಕೆ ಬರುತ್ತದೆ ಎಂಬುದು ಮುಂದಿನ ಪುಟದಲ್ಲಿತ್ತೋ ಏನೋ. ನಾನು ಪುಟ ತಿರುಗಿಸಲಿಲ್ಲ. ಗೆಲ್ಲುವ ಅಂಶ ಸಿಕ್ಕ ಮೇಲೆ ಓದು ನಿಲ್ಲಿಸುವುದು ಚರ್ಚಾಪಟುವಿನ ಮೊದಲ ಪಾಠ.

"ಅಮ್ಮಾ, ಯುರೇನಿಯಂ!"

"ಮನೇಲಿ ಅಣುಬಾಂಬ್ ಇಟ್ಕೊಂಡಿದೀಯಾ? ಮೊದಲು ಆಚೆ ಹಾಕು ಅದನ್ನ!"

ಅಮ್ಮ ಇಕ್ಕಳದಲ್ಲಿ ಕಲ್ಲನ್ನು ಹಿಡಿದು ತಾರಸಿಗೆ ಸಾಗಿಸಿದಳು. ಸಂಡಿಗೆ ಒಣಗಲು ಹಾಕಿದ್ದ ಪಂಚೆಯನ್ನು ಇನ್ನೊಂದು ಮೂಲೆಗೆ ಎಳೆದಳು. ಒಂದು ವಾರ ಕಲ್ಲು ಬಿಸಿಲಿನಲ್ಲೇ ಇತ್ತು. ತಂದು ನೋಡಿದರೆ ಮೇಲ್ಭಾಗದ ಬೆಳಕು ಮಂಕಾಗಿತ್ತು, ಕೆಳಗಡೆ ಮಾತ್ರ ಮೊದಲಿನಷ್ಟೇ ಜೋರು. ಖನಿಜದ ಬೆಳಕು ಸಂಡಿಗೆಯ ಹಾಗೆ ಬಿಸಿಲಿಗೆ ಒಣಗುವುದಿಲ್ಲ. ಕೋಚಿಂಗಿನ ಹುಡುಗರಿಗೆ ಈ ಪ್ರಶ್ನೆ ಕೊಟ್ಟಿದ್ದರೆ ಅರ್ಧ ನಿಮಿಷದಲ್ಲಿ ಉತ್ತರಿಸುತ್ತಿದ್ದರು. ನಾನು ಮಾತ್ರ, ಕಲ್ಲು ಬೆಂಗಳೂರಿನ ಹವೆಗೆ ಹೊಂದಿಕೊಳ್ಳುತ್ತಿದೆ ಎಂದು ತೀರ್ಮಾನಿಸಿದೆ.

ಭಾನುವಾರದ ಬಳಗದ ಗ್ರೂಪಿನಲ್ಲಿ ಫೋಟೊ ಹಾಕಿದೆ. ಕಿರಣ ಎಂಬವನು ಅನುಮಾನ ತೆಗೆದ. ಮಾಗಡಿ ರಸ್ತೆಯಲ್ಲಿ ಗ್ರಾನೈಟ್ ಅಂಗಡಿ ಇಟ್ಟಿರುವವನು, ಕಲ್ಲು ಕೊಯ್ಯುವುದೇ ಕಸುಬು. ಫೋನನ್ನೇ ಮಾಡಿದ.

"ಮೇಡಂ, ಒಂದ್ ಡೌಟು. ಒಂದ್ ಕಡೆ ಜಾಸ್ತಿ, ಒಂದ್ ಕಡೆ ಕಮ್ಮಿ ಇದೆ. ಕಲ್ಲು ಅಂದ್ಮೇಲೆ ಒಳಗೂ ಹೊಳೀಬೇಕಲ್ವಾ? ಅಂಗಡಿಗೆ ತನ್ನಿ, ಮೂಲೆ ಒಂಚೂರು ಕಟ್ ಮಾಡಿ ನೋಡೋಣ."

ನ್ಯಾಯವಾದ ಮಾತು. ಅದಕ್ಕೆ ಉತ್ತರವಿಲ್ಲವೆಂದು ನನಗೆ ಹೊಳೆಯಿತು. ಉತ್ತರವಿಲ್ಲದಾಗ ಏನು ಮಾಡಬೇಕೆಂದೂ ನನಗೆ ಗೊತ್ತಿತ್ತು.

"ಕಿರಣ್, ಬದರಿನಾಥನ ಪಾದದಿಂದ ಬಂದ ಕಲ್ಲು ಅದು. ವಯಸ್ಸಾದ ಹೆಂಗಸು ಅಷ್ಟು ದೂರದಿಂದ ಹೊತ್ತು ತಂದಿದಾರೆ. ಅದಕ್ಕೆ ಗರಗಸ ಹಾಕೋ ಮನಸ್ಸು ಹೇಗ್ರೀ ಬರುತ್ತೆ ನಿಮಗೆ?"

"ಅಯ್ಯಯ್ಯೋ, ಸಾರಿ ಮೇಡಂ. ತಪ್ಪಾಯ್ತು. ಕೈಮುಗೀತೀನಿ."

ಗೆದ್ದೆ. ದೇವರನ್ನು ನಂಬದವಳು ದೇವರನ್ನೇ ಸಾಕ್ಷಿಗೆ ಕರೆದು ಗೆದ್ದೆ. ಆ ಕ್ಷಣ ನನಗೆ ನಾಚಿಕೆಯಾಗಲಿಲ್ಲ. ಎರಡೂ ಪಕ್ಷದ ವಾದ ಕಲಿತದ್ದು ಸಾರ್ಥಕವಾಯಿತೆಂದು ಖುಷಿಯೇ ಆಯಿತು.

ತೀರ್ಪಿನ ಭಾನುವಾರ ಬಂತು. ಫಲಕ ಗೊತ್ತಿದ್ದೂ ನಾನು ಬಿಳಿ ಕುರ್ತಾ ತೊಟ್ಟೆ. ಅದೃಷ್ಟಕ್ಕಲ್ಲ. ಹೊಟ್ಟೆ ಸಂಕಟಕ್ಕೆ. ವನಜಾಕ್ಷಿ ಆಂಟಿಯನ್ನೂ ಕರೆದುಕೊಂಡೆ. ತಾವು ತಂದ ಕಲ್ಲು ಹೊಳೆಯುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಭಾಷಣಕ್ಕೆ ತಲೆ ಆಡಿಸಲು ಒಬ್ಬರು ಬೇಕಿತ್ತು.

ಬಾಗಿಲಲ್ಲೇ ಮೇಷ್ಟ್ರು ಕಪ್ಪು ಕನ್ನಡಕ ಸರಿಮಾಡಿಕೊಂಡರು. "ಏನ್ ತಂಗೀ, ಫಲಕ ಓದಾಕ ಬರಲಿಲ್ಲೇನು? ಬದರಿ ಹಿಮಾನ ಮೈಮ್ಯಾಲೆ ಹಾಕ್ಕೊಂಡು ಬಂದೀಯಲ್ಲ!"

ಅವರ ಹೆಂಡತಿ ಗಿರಿಜಮ್ಮ ಎಲೆ ಅಡಿಕೆ ಜಗಿಯುತ್ತ ಬಂದು, ಒಂದು ಕಪ್ಪು ಶಾಲನ್ನು ನನಗೆ ಹೊದಿಸಿದರು. ಹೊರಗೆ ಹನ್ನೊಂದು ಗಂಟೆಯ ಬಿಸಿಲು. ಸ್ಟೋರ್ ರೂಮಿನಲ್ಲಿ ಕತ್ತಲೆ, ಸೆಕೆ, ಹಳೆಯ ಅಕ್ಕಿಮೂಟೆಯ ವಾಸನೆ. ಕಿರಣ ತನ್ನ ಕಲ್ಲು ತೋರಿಸಿ ಎರಡು ಮಾತಿನಲ್ಲಿ ಮುಗಿಸಿದ. ನಾನು ಟಾರ್ಚು ಹಚ್ಚಿದೆ. ಬದರಿಯ ಕಲ್ಲು ಬೆಳಗಿತು. "ಅಯ್ಯೋ ಶಿವನೇ, ಎಷ್ಟು ಚೆಂದ!" ಎಂದರು ಆಂಟಿ. ನಾನು ಶುರು ಮಾಡಿದೆ. ಹಿಮಾಲಯದ ಉಗಮ, ಬಿಸಿನೀರಿನ ಬುಗ್ಗೆಗಳ ರಸಾಯನ, ಅನುಮಾನ ಪಡುವವರ ಮನಶ್ಶಾಸ್ತ್ರ. ಮೂರು ಸಲ 'ಮಾನ್ಯ ತೀರ್ಪುಗಾರರೇ' ಎಂದೆ.

ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕತ್ತಲೆಯಲ್ಲಿ ಮೇಷ್ಟ್ರು ಕೈಚಾಚಿ ಕಲ್ಲನ್ನು ತೆಗೆದುಕೊಂಡರು. ನೋಡಲಿಲ್ಲ. ಮೂಸಿದರು.

"ತುಪ್ಪ" ಎಂದರು.

"ಸಾರ್?"

"ತುಪ್ಪದ ವಾಸನಿ ಐತಿ ಇದಕ್ಕ. ಲೈಟ್ ಹಾಕ್ರಿ. ಗಿರಿಜಾ, ನಿನ್ನ ಸುಣ್ಣ ತಾ ಇಲ್ಲಿ."

ಲೈಟು ಬಂತು. ಗಿರಿಜಮ್ಮ ಎಲೆ ಅಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ತಂದರು. ಮೇಷ್ಟ್ರು ಬೆರಳ ತುದಿಯಲ್ಲಿ ಇಷ್ಟೇ ಇಷ್ಟು ಸುಣ್ಣ ತೆಗೆದು, ಕಲ್ಲಿನ ಅಡಿಭಾಗಕ್ಕೆ ಹಚ್ಚಿ ಉಜ್ಜಿದರು.

ಕಲ್ಲು ಕೆಂಪಾಯಿತು.

ರಾಜಾಜಿನಗರದ ವೇದಿಕೆ, ಹಳದಿ ಕರವಸ್ತ್ರ, ಮೈಕು, ಮುಂದಿನ ಸಾಲಿನ ಅಜ್ಜಿ, ಎಲ್ಲವೂ ಆ ಸ್ಟೋರ್ ರೂಮಿನೊಳಗೆ ನುಗ್ಗಿ ಬಂದವು. ಎಷ್ಟು ಕಾಲ ಮೋಸಹೋಗುತ್ತೀರಿ ಬಂಧುಗಳೇ! ಆದರೂ ನೋಡಿ, ನನ್ನ ಬಾಯಿ ತನ್ನಷ್ಟಕ್ಕೆ ತಾನು ತೆರೆಯಿತು. "ಸಾರ್, ಕಬ್ಬಿಣದ ಅಂಶ ಇದ್ರೂ ಕೆಂಪು ಬಣ್ಣ ಬರಬಹುದು, ಅಲ್ವಾ..."

"ಅದು ಅರಿಶಿನ ಕಣೇ" ಎಂದರು ವನಜಾಕ್ಷಿ ಆಂಟಿ, ನಿರಾಳವಾಗಿ. "ನಾನೇ ಹಚ್ಚಿದ್ದು. ಬದರಿ ಕಲ್ಲು, ಹಾಗೇ ಕೊಡಕ್ಕಾಗುತ್ತಾ? ಗಂಗಾಪೂಜೆ ದಿನ ಕಾಶಿಯಿಂದ ತಂದ ಗಂಗಾತಾಲಿ ತಂಬಿಗೆ ಪಕ್ಕದಲ್ಲೇ ಇಟ್ಟು ಹಾಲು, ತುಪ್ಪ, ಅರಿಶಿನ ಎಲ್ಲಾ ಅಭಿಷೇಕ ಮಾಡಿದೆ. ಆಮೇಲೆ ಒರೆಸಿ ಕೊಟ್ಟೆ. ಚೀಟೀಲಿ ಬರ್ದಿದ್ನಲ್ಲ, ಓದ್ಲಿಲ್ವಾ?"

ನಾನು ಕಪ್ಪು ಶಾಲನ್ನು ಎದೆಗೆ ಎಳೆದುಕೊಂಡೆ.

"ಓದಿಲ್ಲ ಇವಳು" ಎಂದು ಅವರು ಸಭೆಗೆ ವರದಿ ಮಾಡಿ, ಚೀಲದಿಂದ ಕಾರ್ಬನ್ ಪುಸ್ತಕ ತೆಗೆದರು.

ಮೇಷ್ಟ್ರಿಗೆ ಸಣ್ಣ ಅಕ್ಷರ ಕಾಣುವುದಿಲ್ಲವಲ್ಲ, ಕಿರಣನೇ ನಕಲನ್ನು ಗಟ್ಟಿಯಾಗಿ ಓದಿದ. "ಕಲ್ಲು ಒಂದು. ಸ್ಥಳ ಬದರಿ. ಬಿಸಿನೀರಿನ ಕುಂಡದಿಂದ ಇಳಿಯುವ ಮೆಟ್ಟಿಲ ಎಡಕ್ಕೆ, ಚಹಾ ಅಂಗಡಿಯ ಹಿಂದೆ, ಗುಡ್ಡ ಕುಸಿದ ಮಣ್ಣಿನಲ್ಲಿ. ಸಮಯ ಬೆಳಿಗ್ಗೆ ಏಳೂ ಇಪ್ಪತ್ತು. ಸಿಕ್ಕಾಗ ಬಣ್ಣ ಮಾಸಲು ಬಿಳಿ. ಅಂಗಡಿಯವನನ್ನು ಕೇಳಿ ತೆಗೆದುಕೊಂಡಿದ್ದು. ಪೂಜೆಯ ದಿನ ಅಭಿಷೇಕ: ಹಾಲು, ತುಪ್ಪ, ಅರಿಶಿನ. ಬಣ್ಣ ಈಗ ಹಳದಿ."

ಕೊನೆಯ ವಾಕ್ಯ ಓದುವಾಗ ಕಿರಣ ನನ್ನ ಕಡೆ ನೋಡಲಿಲ್ಲ. ಅವನು ಒಳ್ಳೆಯವನು. ನಾನಾಗಿದ್ದರೆ ನೋಡುತ್ತಿದ್ದೆ.

"ತುಪ್ಪದಾಗ ಕರಗಿದ ಅರಿಶಿನ ಈ ಬೆಳಕಿಗೆ ಹಂಗ ಹೊಳಿತೈತಿ. ಹಿಂದಿಂದೂ ಓದಪ್ಪಾ" ಎಂದರು ಮೇಷ್ಟ್ರು. ಜೈಸಲ್ಮೇರಿನ ಕಲ್ಲು: ಒಂಟೆ ನಿಲ್ಲಿಸುವ ಕಡೆಯಿಂದ ಇನ್ನೂರು ಹೆಜ್ಜೆ, ಒಣಗಿದ ಹಳ್ಳದ ಬಲದಂಡೆ. ಕಚ್ಛಿನ ಕಲ್ಲು: ದಾರಿಯ ಮೈಲಿಗಲ್ಲಿನ ಅಂಕಿ ಸಮೇತ, ಜೊತೆಗಿದ್ದವರ ಹೆಸರು ಸಮೇತ. ನನ್ನ ಬಚ್ಚಲುಮನೆಯ ಸಂಗ್ರಹದ ಅರ್ಧದಷ್ಟು ಕಲ್ಲುಗಳು ಸರಿಯಾಗಿ ಎಲ್ಲಿಂದ ಬಂದವೆಂದು ನನಗೆ ಅಂದೇ ಗೊತ್ತಾದದ್ದು. ನಾನು ಅವನ್ನು 'ಮರುಭೂಮಿ' ಮತ್ತು 'ಬೆಟ್ಟ' ಎಂದು ಎರಡು ಬಿಸ್ಕತ್ತು ಡಬ್ಬಿಗಳಲ್ಲಿ ಇಟ್ಟಿದ್ದೆ.

ಮೇಷ್ಟ್ರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಹಾಳೆಗಳನ್ನು ಸವರಿದರು. "ಕಾಲೇಜಿನಾಗ ಹುಡುಗರಿಗೆ ಬಡ್ಕೊಂಡು ಬಡ್ಕೊಂಡು ಸಾಕಾತು. ಕಲ್ಲು ಯಾರಾರ ಎತ್ತತಾರ, ಎಲ್ಲಿ ಎತ್ತಿದ್ವಿ ಅಂತ ಬರಿಯೋರು ಬೇಕು. ಜಾತಕ ಅಂದ್ರ ಇದಾ." ಮರದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿದರು. ನಾನು, ನಂಬಿದರೆ ನಂಬಿ, ಆಗಲೂ ಅರ್ಧ ಹೆಜ್ಜೆ ಮುಂದಿಟ್ಟೆ. ಪೆಟ್ಟಿಗೆ ನನ್ನನ್ನು ದಾಟಿ ಹೋಯಿತು. "ತಗೋರಿ ಅಮ್ಮಾರ. ದೀಪ ನಿಮ್ದು."

"ಅಯ್ಯೋ ನನಗ್ಯಾಕ್ ಸಾರ್! ನಾನು ಟೂರಿಗೆ ಹೋಗೋಳು. ಏನೋ ಹುಡುಗಿ ಆಸೆಪಡ್ತಾಳೆ ಅಂತ ತಂದ್ಕೊಟ್ಟೆ." ಆಂಟಿ ಹಿಂದೆ ಸರಿದರು. ಆಮೇಲೆ ಪೆಟ್ಟಿಗೆಯ ಬೀಗ, ಹಿಡಿ, ಬದಿಯ ಸ್ವಿಚ್ಚು ನೋಡಿದರು. ಕೌಂಟರಿಗೆ ಬಂದ ಪಾರ್ಸೆಲನ್ನು ನೋಡುವ ಕಣ್ಣು. "ಕೊಟ್ಟಿದ್ದಕ್ಕೆ ನಿಮಗೊಂದು ಚೀಟಿ ಬರ್ಕೊಡ್ಲಾ?"

ವಾದದಲ್ಲಿ ಸೋತರೆ ಮರುವಾದವಿದೆ. ಚೀಟಿಗೆ ಸೋತರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು. "ಕಲ್ಲನ್ನ ತೊಳೀತೀನಿ" ಎಂದೆ.

ಗಿರಿಜಮ್ಮ ಹಿತ್ತಲಿಗೆ ಬೋಗುಣಿ, ಸೋಡಾಪುಡಿ, ಸವೆದ ಬ್ರಷ್ಷು ತಂದಿಟ್ಟರು. ಅವರ ಶಾಲು ನೆನೆಯಬಾರದೆಂದು ತೆಗೆದು ತಂತಿಗೆ ಹಾಕಿದೆ. ಉಜ್ಜಿದಷ್ಟೂ ನೀರು ಕೆಂಪಾಗುತ್ತ ಹೋಯಿತು, ಒಂದೊಂದು ತೂತಿನಿಂದಲೂ ಒಂದೊಂದು ಗಂಗಾಪೂಜೆ ಹೊರಬಂದ ಹಾಗೆ. ಗಿರಿಜಮ್ಮ ಬಗ್ಗಿ ನೋಡಿದರು. "ಚೊಲೋ ಓಕಳಿ ಆಗೇತಿ ನೋಡ್ರೀ. ಈ ಹುಡುಗಿಗೆ ದೃಷ್ಟಿ ಆಗೇತಿ. ಇಷ್ಟು ಮಾತಾಡಿದ್ರ ಆಗದ ಇರತೈತೇನು?"

ಆಂಟಿ ಬೋಗುಣಿಯಲ್ಲಿ ಬೆರಳದ್ದಿದರು. ಹುಟ್ಟುಹಬ್ಬದ ಆರತಿಗೆ ಕೂರುವುದಿಲ್ಲವೆಂದು ನಾನು ಹತ್ತು ವರ್ಷದಿಂದ ಅಮ್ಮನೊಡನೆ ಜಗಳವಾಡಿಕೊಂಡು ಬಂದವಳು. ಈಗ ಕುಕ್ಕರುಗಾಲಲ್ಲಿ ಕೂತು, ಬ್ರಷ್ಷು ಹಿಡಿದು, ಹಣೆ ಕೊಟ್ಟೆ. ಆಂಟಿ ಬೊಟ್ಟಿಟ್ಟರು. ಬೆರಳಿನಿಂದ ಜಾರಿದ ನೀರು ಎದೆಯ ಮೇಲೆ ಬಿತ್ತು.

ಕಲೆಯ ಕಥೆ ಇಷ್ಟೇ. ಅಮ್ಮ ಸೋಪು ಹಚ್ಚಿದ ಕೂಡಲೇ ಅದು ಕೆಂಪಾಗುತ್ತದೆ, ನೀರಿಗೆ ಹಾಕಿದರೆ ಮತ್ತೆ ಹಳದಿ. ಎರಡೂ ಪಕ್ಷವನ್ನು ಅಷ್ಟು ನಿಷ್ಠೆಯಿಂದ ವಾದಿಸುವ ಕಲೆಯನ್ನು ನೆಲ ಒರೆಸಲು ಹೇಗೆ ಕೊಡಲಿ?

ಒರೆಸಿದ ಮೇಲೆ ಕಲ್ಲು ಮಾಸಲು ಬಿಳಿಯಾಗಿ ಉಳಿಯಿತು, ಚೀಟಿಯಲ್ಲಿ ಬರೆದ ಹಾಗೆಯೇ. "ಈಗ ನಿಮ್ಮ ದೀಪದಾಗ ನೋಡ್ರಿ ಅಮ್ಮಾರ" ಎಂದರು ಮೇಷ್ಟ್ರು. ಎಲ್ಲರೂ ಮತ್ತೆ ಸ್ಟೋರ್ ರೂಮಿಗೆ ಹೋದೆವು. ಬಾಗಿಲು ಮುಚ್ಚಿತು. ಆಂಟಿ ಸ್ವಿಚ್ಚು ಒತ್ತಿದರು.

ಧಗ್ಗನೆ ನೀಲಿ ಬೆಳಕು ಕೋಣೆಯಲ್ಲೆಲ್ಲ ತುಂಬಿತು. ಕಿರಣನ ಮುಖ, ಅಕ್ಕಿಮೂಟೆ, ಮೇಷ್ಟ್ರ ಕನ್ನಡಕ ಎಲ್ಲವೂ ಕಂಡವು. ಕಲ್ಲೊಂದೇ ಕಾಣಲಿಲ್ಲ. ಆಂಟಿ ದೀಪವನ್ನು ಆಚೆ ಈಚೆ ತಿರುಗಿಸಿ, ಕೊನೆಗೆ ನನ್ನ ಕಡೆ ನೋಡಿದರು. ಶಾಲು ತಂತಿಯ ಮೇಲೇ ಉಳಿದಿತ್ತು.

"ನೀನೇ ಹೊಳೀತಾ ಇದೀಯ ಕಣೇ, ಕಲ್ಲು ಎಲ್ಲಿ ಕಾಣ್ಬೇಕು? ಸ್ವಲ್ಪ ಆಚೆ ನಿಂತ್ಕೋ."

ಆಚೆ ನಿಂತೆ. ಮುಚ್ಚಿದ ಬಾಗಿಲು, ಮೂಗಿನ ಮುಂದೆ ಮೇಷ್ಟ್ರ ಫಲಕ. ಒಳಗೆ ಪೆಟ್ಟಿಗೆ ಸರಿದ ಸದ್ದಾಯಿತು. ಆಮೇಲೆ ಕಿರಣ "ಹಾಂ!" ಎಂದ. ಗಿರಿಜಮ್ಮ "ಹೌದಲ್ರೀ!" ಎಂದರು. ಮೇಷ್ಟ್ರು ಏನೋ ನಿಧಾನವಾಗಿ ಹೇಳಿದರು, ಕೇಳಿಸಲಿಲ್ಲ.

ನಾನು ಬದುಕಿನಲ್ಲಿ ಸಾವಿರಾರು ಪ್ರಶ್ನೆ ಕೇಳಿದ್ದೇನೆ. ಎಲ್ಲವೂ ಉತ್ತರ ಗೊತ್ತಿದ್ದು, ಎದುರಿನವರನ್ನು ಮಣಿಸಲು ಕೇಳಿದವು. ಅವತ್ತು ಬಾಗಿಲಿಗೆ ಕಿವಿಯಿಟ್ಟು, ಹಣೆಯಲ್ಲಿ ಕೆಂಪು ಬೊಟ್ಟು ಇಟ್ಟುಕೊಂಡು, ಉತ್ತರ ಗೊತ್ತಿಲ್ಲದೆ ಕೇಳಿದೆ:

"ಯಾವ ಬಣ್ಣ ಆಂಟಿ?"

"ಇರು ಕಣೇ, ಬರ್ಕೊಳ್ತಾ ಇದೀನಿ" ಎಂದರು ಒಳಗಿನಿಂದ. "ಚೀಟಿ ಕೊಡ್ತೀನಿ. ಈ ಸಲ ಓದ್ಕೋ."